ಗೆಳೆಯನಿಗೊಂದು ಪತ್ರ: ನಿತ್ಯಜೀವಕ್ಕೆ ನಾನಿನ್ನೇನು ಮಾಡಬೇಕು?

ಪ್ರಿಯ ಗೆಳೆಯಾ,

ಯೇಸು ಕ್ರಿಸ್ತನ ನಾಮದಲ್ಲಿ ವಂದನೆಗಳು.

"ಯಾರಿಗೂ ಮೋಸ ಮಾಡಿಲ್ಲ, ಆರಾಧನೆ ತಪ್ಪಿಸಿಲ್ಲ, ಸಂಪಾದನೆಯ ಹತ್ತರಲ್ಲೊಂದು ಪಾಲು, ದಶಮಾಂಶ, ಕೊಡುತ್ತಲೇ ಬಂದಿದ್ದೇನೆ. ಆದರೂ ಇವತ್ತು ಸತ್ತರೆ ದೇವರ ಬಳಿಗೇ ಹೋಗುತ್ತೇನೆ ಅಂತ ಧೈರ್ಯವಾಗಿ ಹೇಳೋಕೆ ಬಾಯಿ ಬರುವುದಿಲ್ಲ. ಇನ್ನೇನು ಮಾಡಬೇಕು?" ಅಂತ ಕೇಳಿದ್ದೀಯ. ಸುಮ್ಮನೆ ಸಮಾಧಾನ ಹೇಳಿ ಮುಗಿಸುವ ಪ್ರಶ್ನೆ ಇದಲ್ಲ. ಇದನ್ನೇ ಕೇಳುತ್ತಾ ಯೇಸುವಿನ ಹತ್ತಿರ ಓಡಿಬಂದವನೊಬ್ಬ ಸುವಾರ್ತೆಯಲ್ಲಿದ್ದಾನೆ. ಮೊದಲು ಅವನನ್ನು ನೋಡೋಣ.

ಮತ್ತಾಯ 19, ಮಾರ್ಕ 10, ಲೂಕ 18, ಮೂರರಲ್ಲೂ ಅವನ ಪ್ರಸಂಗ ಬರುತ್ತದೆ. ಅವನು ಐಶ್ವರ್ಯವಂತ ಎಂದು ಮೂವರೂ ಹೇಳುತ್ತಾರೆ. ಯೌವನಸ್ಥ ಎನ್ನುವುದು ಮತ್ತಾಯ, ಅಧಿಕಾರಿ ಎನ್ನುವುದು ಲೂಕ, ಓಡಿಬಂದು ಮೊಣಕಾಲೂರಿದ ಎನ್ನುವುದು ಮಾರ್ಕ. ನಿತ್ಯಜೀವಕ್ಕೆ ಬಾಧ್ಯನಾಗಲು ಏನು ಮಾಡಬೇಕು ಎಂದು ಅವನು ಕೇಳುತ್ತಾನೆ. ಯೇಸು ಆಜ್ಞೆಗಳನ್ನು ನೆನಪಿಸುತ್ತಾನೆ. ಇಲ್ಲಿ ನಿಧಾನವಾಗಿ ಓದು. ಕೊಲೆ, ವ್ಯಭಿಚಾರ, ಕಳವು, ಸುಳ್ಳುಸಾಕ್ಷಿ, ತಂದೆತಾಯಿಯ ಸನ್ಮಾನ, ಇಷ್ಟು ಮೂರು ಸುವಾರ್ತೆಗಳಲ್ಲೂ ಇವೆ. ಎಲ್ಲವೂ ಮನುಷ್ಯ ಮನುಷ್ಯರ ನಡುವಿನವು, ಹೊರಗಿನಿಂದ ನೋಡಿ ಪಾಲಿಸಿದ್ದಾನೋ ಇಲ್ಲವೋ ಹೇಳಬಹುದಾದಂಥವು. ದಶಾಜ್ಞೆಗಳ ಮೊದಲ ಸಾಲನ್ನು, ಅಂದರೆ ನಾನಲ್ಲದೆ ನಿನಗೆ ಬೇರೆ ದೇವರು ಇರಬಾರದು ಎಂಬುದನ್ನು ಯೇಸು ಎತ್ತಲಿಲ್ಲ. ಕೊನೆಯದನ್ನು, ಆಶಿಸಬಾರದು ಎಂಬುದನ್ನೂ ಎತ್ತಲಿಲ್ಲ.

ಚಿಕ್ಕಂದಿನಿಂದ ಇವೆಲ್ಲ ಕೈಕೊಂಡಿದ್ದೇನೆ ಎಂದ ಅವನನ್ನು ಯೇಸು ಸುಳ್ಳುಗಾರ ಎನ್ನಲಿಲ್ಲ. ಅವನನ್ನು ದೃಷ್ಟಿಸಿ ನೋಡಿ ಪ್ರೀತಿಸಿದನು ಎಂದು ಮಾರ್ಕ ಬರೆಯುತ್ತಾನೆ. ಆಮೇಲೆ ಬಂತು ಮಾತು: ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಡು, ಬಂದು ನನ್ನನ್ನು ಹಿಂಬಾಲಿಸು. ಎತ್ತದೆ ಬಿಟ್ಟ ಆ ಎರಡು ಆಜ್ಞೆಗಳೂ ಒಂದೇ ಏಟಿಗೆ ಮುಂದೆ ಬಂದು ನಿಂತವು. ಅವನ ಮುಖ ಬಾಡಿತು. ವರ್ಷಗಟ್ಟಲೆ ಅಚ್ಚುಕಟ್ಟಾಗಿ ಬದುಕಿದವನಿಗೆ ತನ್ನ ಹಣವೇ ತನ್ನ ದೇವರು ಎಂಬುದು ಆ ಗಳಿಗೆಯ ತನಕ ಗೊತ್ತೇ ಇರಲಿಲ್ಲ.

ನಮ್ಮ ನೀತಿಯ, ಅಂದರೆ ನಾವೇ ಸಂಪಾದಿಸಿಕೊಳ್ಳುವ ಒಳ್ಳೆಯತನದ, ಮೊದಲ ಮಿತಿ ಇದು. ಅಳೆಯಲು ಸಿಗುವುದನ್ನು ಮಾತ್ರ ಅದು ಅಳೆಯುತ್ತದೆ. ದೇವರು ಕೇಳುವುದು ಪೂರ್ತಿ ಹೃದಯವನ್ನು. ಅದನ್ನು ಇಷ್ಟು ಭಾಗ ಕೊಟ್ಟೆ, ಇಷ್ಟು ಬಾಕಿ ಎಂದು ಬರೆದಿಡಲು ಬರುವುದಿಲ್ಲ. ಹಾಗಾಗಿ ಎಷ್ಟು ಮಾಡಿದರೂ "ಇನ್ನೇನು ಕೊರತೆ?" ಎಂಬ ಕಳವಳ ನಿಲ್ಲುವುದಿಲ್ಲ. ಆ ಮಾತನ್ನು ಕೇಳಿದವನೂ ಅವನೇ, ಮತ್ತಾಯ 19:20. ನಿನ್ನ ಪತ್ರದಲ್ಲಿರುವುದೂ ಅದೇ ಕಳವಳ. ನಿನ್ನ ಪ್ರಯತ್ನ ಕಡಿಮೆಯಾಗಿದೆ ಅಂತ ಅಲ್ಲ, ಆ ದಾರಿಯಲ್ಲಿ ಧೈರ್ಯ ಹುಟ್ಟುವುದೇ ಇಲ್ಲ.

ಐಶ್ವರ್ಯವಂತ ದೇವರ ರಾಜ್ಯದಲ್ಲಿ ಸೇರುವುದಕ್ಕಿಂತ ಒಂಟೆ ಸೂಜಿಯ ಕಣ್ಣಿನಲ್ಲಿ ನುಗ್ಗುವುದು ಸುಲಭ ಎಂದು ಯೇಸು ಹೇಳುವುದು ಇದರ ಹಿಂದೆಯೇ. ಯೆರೂಸಲೇಮಿನಲ್ಲಿ 'ಸೂಜಿಯ ಕಣ್ಣು' ಎಂಬ ಕಿರುಬಾಗಿಲಿತ್ತು, ಒಂಟೆ ಹೊರೆ ಇಳಿಸಿ ಮೊಣಕಾಲೂರಿದರೆ ನುಗ್ಗಬಹುದಿತ್ತು ಎಂದು ಪ್ರಸಂಗಗಳಲ್ಲಿ ಕೇಳಿರಬಹುದು. ಯೇಸುವಿನ ಕಾಲದಲ್ಲಿ ಅಂಥ ಬಾಗಿಲು ಇತ್ತು ಎನ್ನಲು ಆಧಾರವಿಲ್ಲ. ಆ ವಿವರಣೆ ಅಸಾಧ್ಯವಾದದ್ದನ್ನು ಬರೀ ಕಷ್ಟದ್ದಾಗಿ ಇಳಿಸಿಬಿಡುತ್ತದೆ. ಮನುಷ್ಯ ಸ್ವಲ್ಪ ಬಗ್ಗಿದರೆ ಸಾಕು ಎಂದಾಗುತ್ತದೆ. ಹಾಗಾದರೆ ಯಾರಿಗೆ ರಕ್ಷಣೆಯಾದೀತು ಎಂದು ಶಿಷ್ಯರು ಬೆರಗಾದಾಗ ಯೇಸು ಕೊಟ್ಟ ಉತ್ತರ ಸ್ಪಷ್ಟ: ಮನುಷ್ಯರಿಗೆ ಅಸಾಧ್ಯ, ದೇವರಿಗೆ ಸಾಧ್ಯ.

ಲೂಕನ ಪುಟವನ್ನು ಮುಂದಕ್ಕೆ ತಿರುಗಿಸು. 19ನೇ ಅಧ್ಯಾಯದಲ್ಲಿ ಇನ್ನೊಬ್ಬ ಐಶ್ವರ್ಯವಂತ, ಯೆರಿಕೋವಿನ ಜಕ್ಕಾಯ. ಸುಂಕದವರ ಮುಖ್ಯಸ್ಥ, ಊರಿಗೆಲ್ಲ ಬೇಡವಾದವನು. ಅವನಿಗೆ ಯೇಸು ಯಾವ ಆಜ್ಞೆಯನ್ನೂ ಓದಿ ಹೇಳಲಿಲ್ಲ. ಇವತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಎಂದನು. ಆಮೇಲೆ ಜಕ್ಕಾಯ ತಾನಾಗಿ ಎದ್ದು ನಿಂತು ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ವಾಪಸ್ಸು ಎಂದ. ಇಂಥ ತಪ್ಪನ್ನು ತಾನೇ ಒಪ್ಪಿಕೊಂಡವನು ಅಸಲಿನ ಮೇಲೆ ಐದರಲ್ಲಿ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕು ಎನ್ನುತ್ತದೆ ಮೋಶೆಯ ಧರ್ಮಶಾಸ್ತ್ರದ ಅರಣ್ಯಕಾಂಡ 5:7. ನೂರು ಕಿತ್ತುಕೊಂಡಿದ್ದರೆ ನೂರಿಪ್ಪತ್ತು. ಜಕ್ಕಾಯ ಹೇಳಿದ್ದು ನಾನ್ನೂರು. ಕೊಟ್ಟದ್ದಕ್ಕೆ ಯೇಸು ಅವನ ಮನೆಗೆ ಬಂದದ್ದಲ್ಲ, ಯೇಸು ಬಂದದ್ದರಿಂದ ಅವನ ಕೈ ಬಿಚ್ಚಿತು.

ಇನ್ನೂ ಒಂದು ವಿಷಯ ಗಮನಿಸು. ಆ ಯೌವನಸ್ಥನಿಗೆ ಎಲ್ಲವನ್ನೂ ಮಾರು ಎಂದ ಯೇಸು, ಅರ್ಧ ಕೊಡುತ್ತೇನೆ ಎಂದ ಜಕ್ಕಾಯನಿಗೆ ಉಳಿದರ್ಧ ಎಲ್ಲಿ ಎಂದು ಕೇಳಲಿಲ್ಲ. ಎಲ್ಲ ಮಾರುವುದು ನಿತ್ಯಜೀವದ ಬೆಲೆಯಾಗಿದ್ದರೆ ಇಬ್ಬರಿಗೂ ಒಂದೇ ಬೆಲೆ ಹೇಳಬೇಕಿತ್ತು. ಮೊದಲಿನವನಿಗೆ ಹೇಳಿದ್ದು ರೋಗ ಎಲ್ಲಿದೆ ಎಂದು ತೋರಿಸಲಿಕ್ಕೆ. ಎಫೆಸದವರಿಗೆ ಬರೆದ ಪತ್ರದ 2:8ರಿಂದ 10ರ ವರೆಗೆ ಇದೇ ಕ್ರಮವಿದೆ: ಮೊದಲು ಕೃಪೆಯಿಂದ ನಂಬಿಕೆಯ ಮೂಲಕ ರಕ್ಷಣೆ, ಆಮೇಲೆ ದೇವರು ಮುಂಚಿತವಾಗಿ ಸಿದ್ಧಮಾಡಿದ ಸತ್ಕ್ರಿಯೆಗಳು. ಈ ಕ್ರಮವನ್ನು ಹಿಂದುಮುಂದು ಮಾಡುವುದೇ ಸ್ವನೀತಿ. ಮಾಡುವ ಕೆಲಸಗಳು ಅವೇ ಇರಬಹುದು, ಆದರೆ ಅವುಗಳಿಂದ ದೇವರನ್ನು ಸಾಲಗಾರನನ್ನಾಗಿ ಮಾಡಹೊರಡುತ್ತೇವೆ.

ಲೂಕ 18:9ರಿಂದ ಯೇಸುವಿನ ಒಂದು ಸಾಮ್ಯ ಬರುತ್ತದೆ: ದೇವಾಲಯಕ್ಕೆ ಪ್ರಾರ್ಥಿಸಲು ಇಬ್ಬರು ಹೋಗುತ್ತಾರೆ, ಒಬ್ಬ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯ, ಇನ್ನೊಬ್ಬ ಸುಂಕದವನು. ಆ ಫರಿಸಾಯನನ್ನು ನಾವು ಕಪಟಿ ಎಂದು ತಳ್ಳಿಬಿಡುತ್ತೇವೆ. ಹಾಗೆ ತಳ್ಳಿದರೆ ಸಾಮ್ಯದ ಮೊನೆಯೇ ಮುರಿಯುತ್ತದೆ. ಅವನು ನಿಜವಾಗಿಯೂ ವಾರಕ್ಕೆ ಎರಡು ಸಲ ಉಪವಾಸ ಮಾಡುತ್ತಿದ್ದ. ಧರ್ಮಶಾಸ್ತ್ರ ಇಡೀ ಜನಕ್ಕೆ ವರ್ಷವರ್ಷವೂ ವಿಧಿಸಿದ್ದು ಒಂದೇ ದಿನ, ದೋಷಪರಿಹಾರಕ ದಿನ. ದಶಮಾಂಶವನ್ನೂ ಸಂಪಾದಿಸಿದ್ದರಲ್ಲೆಲ್ಲ ಕೊಡುತ್ತಿದ್ದ. ತಾನು ಹೀಗಿರುವುದಕ್ಕೆ ದೇವರಿಗೆ ಸ್ತೋತ್ರವನ್ನೂ ಹೇಳಿದ. ಎಲ್ಲಿ ಎಡವಿದ? ಅವನ ಪ್ರಾರ್ಥನೆಯನ್ನು ಮತ್ತೆ ಓದಿನೋಡು, ಅದರಲ್ಲಿ ಬೇಡಿಕೆಯೇ ಇಲ್ಲ. ದೇವರಿಂದ ಏನೂ ಬೇಕಾಗಿಲ್ಲದವನು ಏನನ್ನೂ ಪಡೆಯದೆ ಹಿಂದಿರುಗಿದ. ಸುಂಕದವನು ಪಾಪಿಯಾದ ನನ್ನನ್ನು ಕರುಣಿಸು ಎಂದು ಬೇಡಿದ, ನೀತಿವಂತನೆನಿಸಿಕೊಂಡು ಮನೆಗೆ ಹೋದ. ಇದಾದ ಕೂಡಲೇ ಲೂಕ ಮಕ್ಕಳನ್ನು ಯೇಸುವಿನ ಬಳಿಗೆ ತಂದದ್ದನ್ನು ಹೇಳುತ್ತಾನೆ, ಅದರ ಹಿಂದೆಯೇ ಐಶ್ವರ್ಯವಂತ ಬರುತ್ತಾನೆ. ಬಾಧ್ಯತೆ ಮಕ್ಕಳಿಗೆ ಬರುವುದು ಮಕ್ಕಳಾಗಿರುವುದರಿಂದ, ದುಡಿದದ್ದಕ್ಕೆ ಅಲ್ಲ ಎಂಬುದು ಅವನು ಬರುವ ಮುಂಚೆಯೇ ನಮ್ಮ ಕಣ್ಣಮುಂದೆ ಇರುತ್ತದೆ.

ಸ್ವನೀತಿ ಒಳಗೆ ಸೇರಿಕೊಂಡಿದೆಯೋ ಇಲ್ಲವೋ ತಿಳಿಯಬೇಕಾದರೆ ಲೂಕ 15ರ ಹಿರಿಯ ಮಗನ ಬಾಯಿಂದ ಬಂದ ಮಾತುಗಳನ್ನು ಕೇಳು. ಆಸ್ತಿ ಹಾಳುಮಾಡಿ ಹಿಂದಿರುಗಿದ ತಮ್ಮನಿಗಾಗಿ ತಂದೆ ಹಬ್ಬ ಮಾಡಿದಾಗ ಅವನು ಸಿಟ್ಟಾಗಿ ಒಳಗೆ ಹೋಗಲಿಲ್ಲ. ಇಷ್ಟು ವರ್ಷ ನಿನಗೆ ಸೇವೆ ಮಾಡಿದ್ದೇನೆ, ಒಂದು ಅಪ್ಪಣೆಯನ್ನೂ ಮೀರಿಲ್ಲ, ಆದರೂ ಒಂದು ಆಡುಮರಿಯನ್ನಾದರೂ ಕೊಟ್ಟದ್ದಿಲ್ಲ ಎನ್ನುತ್ತಾನೆ. ತಮ್ಮನನ್ನು ತಮ್ಮ ಎನ್ನುವುದಿಲ್ಲ, 'ಈ ನಿನ್ನ ಮಗ' ಎನ್ನುತ್ತಾನೆ. ಮನೆಯಲ್ಲೇ ಇದ್ದು ಆಳಿನ ಲೆಕ್ಕದಲ್ಲಿ ಬದುಕಿದ್ದ. ಕಾಯಿಲೆ, ನಷ್ಟ ಬಂದಾಗ "ಇಷ್ಟೆಲ್ಲ ಮಾಡಿದ ನನಗೇ ಹೀಗಾ?" ಎಂದು ಒಳಗೆ ಕುದಿಯುತ್ತದೆಯಾ? ನಿನ್ನೆ ಮೊನ್ನೆ ನಂಬಿಕೆಗೆ ಬಂದವನಿಗೆ ಸಭೆಯಲ್ಲಿ ಸಿಗುವ ಪ್ರೀತಿ ಕಂಡು ಮುಖ ಸಿಂಡರಿಸುತ್ತದೆಯಾ? ಮಾಡಿದ ಉಪಕಾರವನ್ನು ಯಾರೂ ನೆನೆಯದಿದ್ದರೆ ರಾತ್ರಿ ನಿದ್ದೆ ಹತ್ತುವುದಿಲ್ಲವಾ? ಹಾಗಿದ್ದರೆ ಆಡುಮರಿಯ ಲೆಕ್ಕ ನಡೆಯುತ್ತಿದೆ ಎಂದೇ ಅರ್ಥ. ಆದರೂ ತಂದೆ ಹಬ್ಬ ಬಿಟ್ಟು ಅವನಿಗಾಗಿಯೂ ಹೊರಗೆ ಬಂದು ಬೇಡಿಕೊಂಡ. ಸ್ವನೀತಿಯವನಿಗೂ ಕೃಪೆ ಇದೆ ಗೆಳೆಯಾ, ಅದನ್ನು ಮರೆಯಬೇಡ.

ನನ್ನ ಮಟ್ಟಿಗೆ ಈ ವಿಷಯದ ಆಳ ತಿಳಿಯುವುದು ಫಿಲಿಪ್ಪಿಯವರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲಿ. ಮೊದಲು ಕ್ರೈಸ್ತರನ್ನು ಹಿಂಸಿಸಿ ಆಮೇಲೆ ಅಪೊಸ್ತಲನಾದ ಪೌಲ ಅಲ್ಲಿ ತನ್ನ ಅರ್ಹತೆಗಳು ಏಳನ್ನು ಸಾಲಾಗಿ ಇಡುತ್ತಾನೆ. ಎಂಟನೆಯ ದಿನದ ಸುನ್ನತಿ, ಇಸ್ರಾಯೇಲ್ ವಂಶ, ಬೆನ್ಯಾಮೀನನ ಕುಲ, ಇಬ್ರಿಯರಿಗೆ ಹುಟ್ಟಿದ ಇಬ್ರಿಯ, ಈ ನಾಲ್ಕು ಮನೆತನದಿಂದ ಬಂದವು. ಫರಿಸಾಯ, ಸಭೆಯನ್ನು ಹಿಂಸೆಪಡಿಸುವಷ್ಟು ಆಸಕ್ತಿ, ಧರ್ಮಶಾಸ್ತ್ರದ ನೀತಿಯಲ್ಲಿ ನಿರ್ದೋಷಿ, ಈ ಮೂರು ತಾನೇ ಸಂಪಾದಿಸಿದ್ದು. ಆರನೆಯದರ ಮೇಲೆ ಬೆರಳಿಡು. ಮನೆಮನೆಗೆ ನುಗ್ಗಿ ಗಂಡಸರು ಹೆಂಗಸರೆನ್ನದೆ ಎಳೆದು ಸೆರೆಗೆ ಹಾಕಿಸಿದ್ದನ್ನು ಅವನು ಪುಣ್ಯದ ಕಡೆಗೆ ಬರೆದುಕೊಂಡಿದ್ದ! ನಮ್ಮ ನೀತಿಯ ಎರಡನೆಯ ಮಿತಿ ಇದು, ಮೊದಲನೆಯದಕ್ಕಿಂತ ಭಯಂಕರ. ಲೆಕ್ಕ ಸಾಲದೆ ಹೋಗುವುದಷ್ಟೇ ಅಲ್ಲ, ಯಾವುದು ಲಾಭ ಯಾವುದು ನಷ್ಟ ಎಂದು ಬರೆಯುವ ಕೈಗೇ ಕಣ್ಣಿಲ್ಲ. ಅದಕ್ಕೇ ಪೌಲ ಇನ್ನೆರಡು ಅರ್ಹತೆ ಸೇರಿಸಲು ಹೋಗಲಿಲ್ಲ, ಇಡೀ ಪಟ್ಟಿಯನ್ನೇ ನಷ್ಟವೆಂದೆಣಿಸಿ ಕ್ರಿಸ್ತನನ್ನು ನಂಬುವುದರಿಂದ ದೇವರು ಕೊಡುವ ನೀತಿಯನ್ನು ಹಿಡಿದುಕೊಂಡ.

ಇದು ಒಂದು ಪಂಗಡದ ವಾದ ಎಂದು ಯಾರಾದರೂ ಹೇಳಿದರೆ ನಂಬಬೇಡ. ಕೃಪೆಯ ಸಹಾಯವಿಲ್ಲದೆ ಮನುಷ್ಯ ದೇವರ ಆಜ್ಞೆಗಳನ್ನು ನೆರವೇರಿಸಬಲ್ಲ ಎಂಬ ಬೋಧನೆಯನ್ನು 418ರಲ್ಲಿ ಕಾರ್ಥೇಜಿನ ಸಭಾ ಪರಿಷತ್ತು ತಳ್ಳಿಹಾಕಿತು. 1547ರಲ್ಲಿ ಕಥೋಲಿಕ ಸಭೆಯ ಟ್ರೆಂಟ್ ಪರಿಷತ್ತು ಸುಧಾರಕ ಲೂಥರನ ಬೋಧನೆಯನ್ನು ಎದುರಿಸುವಾಗಲೂ, ಕ್ರಿಸ್ತನ ಮೂಲಕ ಬರುವ ಕೃಪೆಯಿಲ್ಲದೆ ಸ್ವಂತ ಕ್ರಿಯೆಗಳಿಂದ ನೀತಿವಂತನಾಗಬಹುದು ಎನ್ನುವವರನ್ನು ತನ್ನ ಮೊದಲ ವಿಧಿಯಲ್ಲೇ ಖಂಡಿಸಿತು. ಉಳಿದ ಭಿನ್ನಾಭಿಪ್ರಾಯಗಳು ಸಣ್ಣವಲ್ಲ. ಆದರೂ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕರೂ ಲೂಥರನ್ನರೂ ನಮ್ಮ ಅರ್ಹತೆಯಿಂದಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಅಂಗೀಕರಿಸುತ್ತಾನೆ ಎಂಬ ಜಂಟಿ ಘೋಷಣೆಗೆ ಸಹಿ ಹಾಕಿದರು. 2006ರಲ್ಲಿ ಮೆಥೋಡಿಸ್ಟರೂ ಅದಕ್ಕೆ ಸೇರಿಕೊಂಡರು.

ಈಗ ನೀನು ಕೇಳಿದ್ದಕ್ಕೆ ಬರುತ್ತೇನೆ. ಮೊದಲು ದಶಾಜ್ಞೆಗಳಿರುವ ವಿಮೋಚನಕಾಂಡ 20ನ್ನೂ ಮತ್ತಾಯ 5:21ರಿಂದ 28ನ್ನೂ ಎದುರುಬದುರು ಇಟ್ಟುಕೊಂಡು ಓದು. ಹತ್ತನೆಯ ಆಜ್ಞೆಯಿಂದ ಶುರುಮಾಡಿ ಹಿಂದಕ್ಕೆ ಬಾ, ಏಕೆಂದರೆ ಅದೊಂದೇ ನೇರವಾಗಿ ಒಳಗಿನ ಆಸೆಗೆ ಕೈಹಾಕುತ್ತದೆ. ರೋಮಾಪುರದವರಿಗೆ 7:7ರಲ್ಲಿ ಪೌಲ ಹಿಡಿದುಕೊಳ್ಳುವುದೂ ಅದನ್ನೇ. ಸಿಕ್ಕಿದ್ದನ್ನು ಹೆಸರಿಟ್ಟು ಅರಿಕೆಮಾಡು. "ನಾನು ಪಾಪಿ" ಎಂದು ಒಟ್ಟಾರೆ ಹೇಳಿಬಿಡುವುದು ಸುಲಭ, ಅದರಿಂದ ಯಾರಿಗೂ ಏನೂ ಚುಚ್ಚುವುದಿಲ್ಲ. ಯಾರ ಮೇಲೆ ಹೊಟ್ಟೆಕಿಚ್ಚು, ಯಾರಿಗೆ ಯಾವ ಮಾತು, ಎಷ್ಟು ಹಣ, ಅಷ್ಟು ಬಿಡಿಸಿ ಹೇಳು. ಒಳ್ಳೆಯದೆಂದು ಬರೆದುಕೊಂಡ ಪಟ್ಟಿಯನ್ನೂ ಅದರ ಜೊತೆಗೇ ಇಡು. ಯೆಶಾಯ 64:6ರಲ್ಲಿ ಹೊಲಸು ಬಟ್ಟೆಗೆ ಹೋಲಿಸಿರುವುದು ಪಾಪಗಳನ್ನಲ್ಲ, ಧರ್ಮಕಾರ್ಯಗಳನ್ನು. ಬಳಿಕ 1 ಯೋಹಾನ 1:9ರ ಮಾತಿನ ಮೇಲೆ ನಿಲ್ಲು: ಅರಿಕೆಮಾಡಿದರೆ ಆತನು ನಂಬಿಗಸ್ತನೂ ನೀತಿವಂತನೂ ಆಗಿ ಕ್ಷಮಿಸುತ್ತಾನೆ. ಯಾರಿಗಾದರೂ ಕೊಡಬೇಕಾದದ್ದಿದ್ದರೆ ಹೋಗಿ ಕೊಡು. ಅದು ಕ್ಷಮೆಯ ಶುಲ್ಕ ಅಂತ ಅಲ್ಲ, ಜಕ್ಕಾಯ ಕೊಟ್ಟ ಹಾಗೆ.

ಇಲ್ಲಿ ಜನ ಎಡವುವುದು ಹೆಚ್ಚಾಗಿ ಎರಡು ಕಡೆ. ಒಂದು, ಪಶ್ಚಾತ್ತಾಪವೇ ಹೊಸ ಪುಣ್ಯವಾಗುತ್ತದೆ. ಎಷ್ಟು ಅತ್ತೆ, ಎಷ್ಟು ತಗ್ಗಿಸಿಕೊಂಡೆ ಎಂದು ಎಣಿಸತೊಡಗುತ್ತಾರೆ. ಆ ಫರಿಸಾಯನಂತೆ ನಾನಿಲ್ಲವಲ್ಲ, ಸ್ತೋತ್ರ ಎನ್ನುವಲ್ಲಿಗೆ ಬಂದು ನಿಲ್ಲುತ್ತಾರೆ. ಇನ್ನೊಂದು, ತಮ್ಮ ನಂಬಿಕೆ ಎಷ್ಟು ಗಟ್ಟಿ ಎಂದು ದಿನವೂ ತೂಗಿ ನೋಡುವುದು. ನಿನಗೆ ಈ ಎರಡನೆಯದರ ಅಪಾಯ ಹೆಚ್ಚು ಎಂದು ತೋರುತ್ತದೆ. ನಿಕೊದೇಮ ಎಂಬ ಫರಿಸಾಯನಿಗೆ ಯೇಸು ನೆನಪಿಸಿದ್ದು ಅರಣ್ಯಕಾಂಡ 21ರ ತಾಮ್ರದ ಸರ್ಪವನ್ನು, ಮರುಭೂಮಿಯಲ್ಲಿ ಹಾವು ಕಚ್ಚಿದವರು ನೋಡಿ ಬದುಕಲೆಂದು ಮೋಶೆ ಕಂಬದ ಮೇಲೆ ಎತ್ತಿ ನಿಲ್ಲಿಸಿದ್ದನ್ನು. ಹಾವು ಕಚ್ಚಿಸಿಕೊಂಡವನು ತನ್ನ ದೃಷ್ಟಿ ಎಷ್ಟು ಚುರುಕು ಎಂದು ಪರೀಕ್ಷೆ ಮಾಡುತ್ತಾ ಕೂರಲಿಲ್ಲ, ಎತ್ತಿ ನಿಲ್ಲಿಸಿದ್ದನ್ನು ನೋಡಿದ, ಬದುಕಿದ. ಬದುಕಿಸುವ ಶಕ್ತಿ ನೋಟದಲ್ಲಿರಲಿಲ್ಲ. ಮನುಷ್ಯಕುಮಾರನೂ ಹಾಗೆಯೇ ಎತ್ತಲ್ಪಡಬೇಕು, ನಂಬುವವರಿಗೆ ನಿತ್ಯಜೀವ ಉಂಟಾಗಲಿಕ್ಕೆ ಎನ್ನುತ್ತದೆ ಯೋಹಾನ 3:14-15.

ನಿತ್ಯಜೀವ ಸತ್ತ ಮೇಲೆ ಆರಂಭವಾಗುವ ಉದ್ದ ಕಾಲ ಎಂದುಕೊಂಡರೂ ಧೈರ್ಯ ಬರುವುದಿಲ್ಲ. ತಂದೆಯನ್ನೂ ಆತನು ಕಳುಹಿಸಿದ ಯೇಸು ಕ್ರಿಸ್ತನನ್ನೂ ತಿಳಿಯುವುದೇ ನಿತ್ಯಜೀವ ಎಂದು ಯೋಹಾನ 17:3 ಹೇಳುತ್ತದೆ. ನಂಬುವವನು ಮರಣವನ್ನು ದಾಟಿ ಜೀವದೊಳಗೆ ಆಗಲೇ ಸೇರಿದ್ದಾನೆ ಎಂದು 5:24. ಆ ಜೀವ ಈಗಲೇ ಸಿಕ್ಕಿರುವುದಾದರೆ ಅದನ್ನು ಅಂತ್ಯದಿನದ ತನಕ ಬಾಕಿ ಉಳಿದ ಪರೀಕ್ಷೆಯ ಫಲಿತಾಂಶದಂತೆ ಕಾಯಬೇಕಿಲ್ಲ. ನಿಮಗೆ ನಿತ್ಯಜೀವವುಂಟೆಂದು ನೀವು ತಿಳಿಯಬೇಕು, ಅದಕ್ಕೇ ಬರೆದಿದ್ದೇನೆ ಎನ್ನುತ್ತಾನೆ ಯೋಹಾನ, ತನ್ನ ಮೊದಲ ಪತ್ರದ 5:13ರಲ್ಲಿ.

ಹಾಗಾದರೆ ಹೇಗೆ ಬೇಕಾದರೂ ಬದುಕಬಹುದೇ ಎಂದು ಯಾರಾದರೂ ಕೇಳಿಯಾರು. ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದು ಎಂದು ಯಾಕೋಬ 2:26ರಲ್ಲಿದೆ, ಅದಕ್ಕೂ ಪೌಲನಿಗೂ ಜಗಳವಿಲ್ಲ. ಬದುಕಿರುವ ನಂಬಿಕೆ ಜಕ್ಕಾಯನ ಮನೆಯಲ್ಲಿ ಮಾಡಿದ್ದನ್ನು ನಿನ್ನಲ್ಲೂ ಮಾಡುತ್ತದೆ.

ಆರಾಧನೆ, ದಶಮಾಂಶ ಯಾವುದನ್ನೂ ಬಿಡಬೇಡ. ಪುದೀನ ಜೀರಿಗೆಯಲ್ಲೂ ಹತ್ತರಲ್ಲೊಂದು ಕೊಡುತ್ತಿದ್ದವರಿಗೆ ಯೇಸು ಅದನ್ನು ನಿಲ್ಲಿಸಿ ಎನ್ನಲಿಲ್ಲ, ನ್ಯಾಯ ಕರುಣೆ ನಂಬಿಕೆಗಳನ್ನು ಬಿಟ್ಟದ್ದಕ್ಕೆ ಗದರಿಸಿದನು. ಆದರೆ ಕೊಟ್ಟದ್ದನ್ನು ಬರೆದಿಡುವ ಅಭ್ಯಾಸವಿದ್ದರೆ ಅದನ್ನು ನಿಲ್ಲಿಸು, ಒಂದಿಷ್ಟನ್ನು ಯಾರಿಗೂ ಗೊತ್ತಾಗದಂತೆ ಕೊಡು. ಈ ವಾರ ಲೂಕ 18:9ರಿಂದ 19:10ರ ತನಕ ಒಂದೇ ಸಲ ಕೂತು ಓದು, ನಡುವೆ ಅಧ್ಯಾಯ ಮುಗಿಯಿತೆಂದು ನಿಲ್ಲಿಸಬೇಡ. ಎಲ್ಲಾದರೂ ಒಪ್ಪಲಾಗದಿದ್ದರೆ ವಚನದ ಸಂಖ್ಯೆ ಸಮೇತ ಬರೆ.

ಕರ್ತನ ಕೃಪೆ ನಿನ್ನೊಂದಿಗಿರಲಿ.

ಪ್ರೀತಿಯಿಂದ,
ನಿನ್ನ ಗೆಳೆಯ