ಸೀಟು ಎಣಿಸಿದರೆ ಸಾಲದು, ಸ್ಟ್ರೆಚರ್ ಇಟ್ಟು ಅಳೆಯಿರಿ

ಮಾನ್ಯರೇ,

ರಕ್ಷಣಾ ಹೆಲಿಕಾಪ್ಟರ್ ಎಂದರೆ ಎಷ್ಟು ಸೀಟು, ಎಷ್ಟು ವೇಗ ಎಂದೇ ಕೇಳುತ್ತೇವೆ. ರೋಗಿಯನ್ನು ಮಲಗಿಸಿದ ಮೇಲೆ ಕೈಯಾಡಿಸಲು ಜಾಗ ಉಳಿಯುತ್ತದೆಯೇ ಎಂದು ಕೇಳುವವರು ಕಡಿಮೆ.

ಮಧ್ಯಮ ಗಾತ್ರದ ಹೆಲಿಕಾಪ್ಟರ್ ಎಡಬ್ಲ್ಯು 139ರ ಕ್ಯಾಬಿನ್ 8 ಘನ ಮೀಟರ್ ಇದ್ದರೂ ಎತ್ತರ 1.42 ಮೀಟರ್ ಮಾತ್ರ. ಚಿಕ್ಕ ಹೆಲಿಕಾಪ್ಟರ್‌ಗಳಲ್ಲಿ ಇನ್ನೂ ಕಡಿಮೆ. ಹೃದಯ ನಿಂತವರಿಗೆ ಸಿಪಿಆರ್ ಕೊಡುವವರು ನಿಮಿಷಕ್ಕೆ 100ರಿಂದ 120 ಸಲ, 5–6 ಸೆಂ.ಮೀ. ಆಳಕ್ಕೆ ಎದೆ ಒತ್ತಬೇಕು. ಅದಕ್ಕೆ ಮೊಣಕೈ ಮಡಚಬಾರದು, ಭುಜ ರೋಗಿಯ ಎದೆಯ ನೇರಕ್ಕೆ ಬರಬೇಕು. ಹೆಲ್ಮೆಟ್ ಚಾವಣಿಗೆ ತಾಗುವ ಕಡೆ ಬೆನ್ನು ಬಾಗಿ, ಒತ್ತು ಓರೆಯಾಗುತ್ತದೆ. ಸಾಲದ್ದಕ್ಕೆ ಸೀಟ್ ಬೆಲ್ಟನ್ನೂ ಬಿಚ್ಚಬೇಕಾಗಬಹುದು. ಎದೆ ಒತ್ತುವ ಯಂತ್ರಗಳೇನೋ ಇವೆ, ಅವಕ್ಕೂ ಎದೆಯ ಮೇಲೆ ಜಾಗ ಬೇಕಲ್ಲ!

ಹೀಗಾಗಿ ಮಾಡುವ ಕೆಲಸವನ್ನೆಲ್ಲ ನೆಲದ ಮೇಲೇ ಮುಗಿಸಿ ಹತ್ತಿಸುವುದು ವಾಸಿ. ಉಸಿರಾಟದ ಟ್ಯೂಬ್ ಹಾಕುವವರು ರೋಗಿಯ ತಲೆಯ ಹಿಂದೆ ಕೂರಬೇಕು. ಅಲ್ಲಿ ಗೋಡೆಯಿದ್ದರೆ ಹಾರುವಾಗ ಅದು ಆಗದ ಮಾತು. ಡ್ರಿಪ್ ಅನ್ನು ಸಿಬ್ಬಂದಿ ಕೂರುವ ಬದಿಯ ಕೈಗೇ ಹಾಕಬೇಕು. ಗೋಡೆ ಕಡೆಯ ಕೈಗೆ ಹಾಕಿದರೆ ಕಳಚಿಕೊಂಡರೂ ಗೊತ್ತಾಗುವುದು ತಡವಾಗಿಯೇ. ಎಂಜಿನ್ ಸದ್ದಿನಲ್ಲಿ ಸ್ಟೆತಾಸ್ಕೋಪ್ ಪ್ರಯೋಜನಕ್ಕೆ ಬಾರದು, ಅಲಾರಂ ಕಿವಿಗೆ ಬೀಳದು. ಮಾನಿಟರ್ ಕಣ್ಣೆದುರೇ ಇರಬೇಕು. 200 ಬಾರ್ ಒತ್ತಡಕ್ಕೆ ತುಂಬಿದ 2 ಲೀಟರ್ ಸಿಲಿಂಡರಿನಲ್ಲಿ ಸುಮಾರು 400 ಲೀಟರ್ ಆಮ್ಲಜನಕ ಇರುತ್ತದೆ. ನಿಮಿಷಕ್ಕೆ 10 ಲೀಟರ್ ಬಿಟ್ಟರೆ 40 ನಿಮಿಷ. ಬದಲಿ ಸಿಲಿಂಡರ್ ಸ್ಟ್ರೆಚರಿನಡಿ ಕೈಗೆಟುಕದಂತೆ ಕಟ್ಟಿಟ್ಟಿದ್ದರೆ ಇದ್ದೂ ಇಲ್ಲದಂತೆ.

ತೊಡೆಮೂಳೆ ಮುರಿದವರಿಗೆ ಕಾಲು ಎಳೆದು ಕಟ್ಟುವ ಸ್ಪ್ಲಿಂಟ್ ಪಾದದಿಂದಾಚೆಗೂ ಚಾಚಿಕೊಂಡಿರುತ್ತದೆ. ಸ್ಟ್ರೆಚರ್ ಒಳಗೆ ತಳ್ಳಿ ಹಿಂಬಾಗಿಲು ಮುಚ್ಚಹೋದಾಗ ಅದು ಅಡ್ಡ ಬರುತ್ತದೆ, ರೋಗಿಯನ್ನು ಮತ್ತೆ ಹೊರಗೆಳೆಯಬೇಕಾಗುತ್ತದೆ.

ಹಾಗೆಂದು ದೊಡ್ಡದನ್ನೇ ಕೊಳ್ಳಿ ಎಂದಲ್ಲ. ಎಸ್-92ರ ಕ್ಯಾಬಿನ್ 1.83 ಮೀಟರ್ ಎತ್ತರ, ಬಹುತೇಕರು ನಿಂತೇ ಕೆಲಸ ಮಾಡಬಹುದು. ಆದರೆ ಅದರ ಗರಿಷ್ಠ ಹಾರಾಟ ತೂಕ 12 ಟನ್. ಕೆಳಗೆ ಬೀಸುವ ಗಾಳಿಯ ಹೊಡೆತ ಜೋರು, ಇಳಿಯಲು ವಿಶಾಲ ಬಯಲು ಬೇಕು. ಬೆಟ್ಟದ ಸಂದಿಗೆ ಚಿಕ್ಕದೇ ಸರಿ.

ಕೊಳ್ಳುವವರು ಸಹಿ ಹಾಕುವ ಮೊದಲು ಆರಡಿ ಆಳೊಬ್ಬನನ್ನು ಸ್ಟ್ರೆಚರ್ ಮೇಲೆ ಮಲಗಿಸಲಿ. ಸಿಬ್ಬಂದಿ ಹೆಲ್ಮೆಟ್ ಹಾಕಿ, ಬೆಲ್ಟ್ ಕಟ್ಟಿಕೊಳ್ಳಲಿ. ಬಾಗಿಲು ಮುಚ್ಚಿ, ಮಾಸ್ಕ್ ಹಿಡಿದು ಉಸಿರು ಕೊಡುವುದು, ಡ್ರಿಪ್ ಮತ್ತು ಸಿಲಿಂಡರ್ ಬದಲಿಸುವುದು, ಇಷ್ಟನ್ನು ಮಾಡಿಸಿ ನೋಡಲಿ. ವಿಂಚ್ (ಹಗ್ಗ ಸುತ್ತಿ ಮೇಲೆಳೆಯುವ ಯಂತ್ರ) ಇರುವ ಹೆಲಿಕಾಪ್ಟರಾದರೆ, ಹಗ್ಗದಲ್ಲಿ ತೂಗುವ ಸ್ಟ್ರೆಚರನ್ನು ಪಕ್ಕದ ಬಾಗಿಲಲ್ಲಿ ತಿರುಗಿಸಿ ಒಳಗೆಳೆಯಲು ಯಾವ ಸೀಟು ಕೀಳಬೇಕಾಗುತ್ತದೆ ಎಂಬುದನ್ನೂ ಅಂದೇ ಬರೆದಿಟ್ಟುಕೊಳ್ಳಲಿ.

– ಏರ್ ಆಂಬುಲೆನ್ಸ್ ಸಿಬ್ಬಂದಿ