ಮಾರಿದರೆ ಪಾಲು, ಮಾರದಿದ್ದರೆ ವಾಪಸ್ಸು

ಮಾನ್ಯ ಸಂಪಾದಕರೇ,

ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪ ಕಡೆ ಕಾಫಿಪುಡಿ, ಜೇನು, ಹೋಂಮೇಡ್ ಚಾಕೊಲೇಟ್ ಮಾರುವ ಅಂಗಡಿಗಳಲ್ಲಿ ಈಗ ಒಂದು ಮೂಲೆ ಬಟ್ಟೆಗೂ ಮೀಸಲು. 'ಕೂರ್ಗ್‌ನಲ್ಲೇ ಹೊಲಿದದ್ದು' ಅಂತ ಬೋರ್ಡು ಬೇರೆ. ಕುರ್ತಾ, ಸ್ಟೋಲ್, ಕೊಡವ ಗಂಡಸರು ತೊಡುವ ನಿಲುವಂಗಿ ಕುಪ್ಯದ ಕಟ್ ನೋಡಿ ಮಾಡಿದ ಜಾಕೆಟ್. ಗುಳೇದಗುಡ್ಡದ ಖಣ, ಇಳಕಲ್ ಬಟ್ಟೆ ತರಿಸಿ, ತಾವೇ ಡಿಸೈನ್ ಮಾಡಿ, ಮನೆಯಲ್ಲೇ ಎರಡು ಮೆಷಿನ್ ಹಾಕಿಕೊಂಡು ಅಕ್ಕಪಕ್ಕದ ಹೆಂಗಸರ ಜೊತೆ ಹೊಲಿಯುವ ನನ್ನಂಥವರು ಅಲ್ಲಿಗೆ ಮಾಲು ಕೊಡುತ್ತೇವೆ. ಪ್ರವಾಸಿಗರು ಖುಷಿಯಿಂದಲೇ ಕೊಳ್ಳುತ್ತಾರೆ. ಆ ಬೋರ್ಡಿನ ಹಿಂದೆ ಯಾವ ಷರತ್ತಿದೆ ಅಂತ ಕೇಳುವವರು ಮಾತ್ರ ಯಾರೂ ಇಲ್ಲ, ಅದಕ್ಕೇ ಈ ಪತ್ರ.

ಹೆಚ್ಚಿನ ಅಂಗಡಿಯವರು ನಮ್ಮ ಮಾಲನ್ನು ಕೊಳ್ಳುವುದಿಲ್ಲ. ಇಟ್ಟುಕೊಳ್ಳುತ್ತಾರೆ, ಅಷ್ಟೆ. ಮಾರಾಟವಾದ ಮೇಲೆ ತಮ್ಮ ಕಮಿಷನ್ ಹಿಡಿದುಕೊಂಡು ಉಳಿದದ್ದು ಕೊಡುತ್ತಾರೆ. ಇದಕ್ಕೆ ಕನ್ಸೈನ್‌ಮೆಂಟ್ ಅನ್ನುತ್ತಾರೆ. ಈ ಪದ್ಧತಿಯೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಹೆಸರೇ ಕೇಳದವರ ಬಟ್ಟೆಗೆ ಮುಂಗಡ ದುಡ್ಡು ಹಾಕಿ ಅಂದರೆ ಯಾರು ಹಾಕುತ್ತಾರೆ? ನಾನು ಅಂಗಡಿ ಇಟ್ಟಿದ್ದರೂ ಹಾಕುತ್ತಿರಲಿಲ್ಲ. ನನ್ನ ತಕರಾರು ಬೇರೆ. ದುಡ್ಡು ಕೊಟ್ಟು ಮಾಲು ಕೊಂಡ ವ್ಯಾಪಾರಿ ಕೇಳುವಷ್ಟೇ ಪಾಲನ್ನು, ಒಂದು ಪೈಸೆಯೂ ಹಾಕದೆ ಇಟ್ಟುಕೊಂಡ ವ್ಯಾಪಾರಿಯೂ ಕೇಳುತ್ತಾನೆ. ಕೊಂಡವನ ದುಡ್ಡು ಸಿಕ್ಕಿಹಾಕಿಕೊಂಡಿರುತ್ತದೆ, ಹೋಗದಿದ್ದರೆ ನಷ್ಟ ಅವನದ್ದೇ, ಹಾಗಾಗಿ ಅವನಿಗೆ ಮಾರ್ಜಿನ್ ಜಾಸ್ತಿ ಸಿಗಬೇಕು. ಇಟ್ಟುಕೊಂಡವನಿಗೆ ಏನು ಹೋಯಿತು? ಒಂದು ಹ್ಯಾಂಗರ್ ಜಾಗ.

ಒಂದು ಕುರ್ತಾದ ಲೆಕ್ಕ ಹೇಳುತ್ತೇನೆ, ಜಿಎಸ್‌ಟಿ ಬಿಟ್ಟು. ಟ್ಯಾಗ್ ಮೇಲೆ 2,400 ರೂಪಾಯಿ. ಅಂಗಡಿಗೆ ನೂರಕ್ಕೆ 40 ಅಂದರೆ 960. ನಮಗೆ ಉಳಿಯುವುದು 1,440. ಇದರಲ್ಲಿ ಬಟ್ಟೆಗೆ 620, ಹೊಲಿಗೆ ಮತ್ತು ಕೈ ಕಸೂತಿಗೆ 450, ಲೈನಿಂಗ್, ಗುಂಡಿ, ಕಾಜಾ ಎಲ್ಲ ಸೇರಿ 90, ಇಸ್ತ್ರಿ ಮಾಡಿ ಬಸ್ಸಿಗೆ ಹಾಕಿ ಕಳಿಸಲು 60. ಒಟ್ಟು 1,220 ಹೋದರೆ ಕೈಗೆ 220. ಸರಿ, ಇದೂ ನಡೆಯುತ್ತದೆ ಅಂದುಕೊಳ್ಳಿ. ಆದರೆ ವೀಕೆಂಡ್ ಜನ ಬಂದಾಗ ಅಂಗಡಿಯವರು ನಮ್ಮನ್ನು ಒಂದು ಮಾತೂ ಕೇಳದೆ 20 ಪರ್ಸೆಂಟ್ ಡಿಸ್ಕೌಂಟ್ ಬೋರ್ಡು ಹಾಕುತ್ತಾರೆ, ಆ 480 ರೂಪಾಯಿಯನ್ನು ಪೂರ್ತಿ ನಮ್ಮ ಪಾಲಿನಿಂದಲೇ ಕಳೆಯುತ್ತಾರೆ, ಅವರ 960 ಅಲುಗಾಡುವುದಿಲ್ಲ. ನಮಗೆ ಬರುವುದು 960. ಬಟ್ಟೆ ಹೊಲಿದು ಕೊಟ್ಟ ತಪ್ಪಿಗೆ 260 ರೂಪಾಯಿ ದಂಡ! ಮಾರಿದ ಬೆಲೆಯ ಮೇಲೆ 40 ಹಿಡಿದಿದ್ದರೆ ಅವರಿಗೆ 768, ನಮಗೆ 1,152 ಆಗುತ್ತಿತ್ತು. ಆಗಲೂ ನಮಗೆ ನಷ್ಟವೇ, ಆದರೆ 68 ರೂಪಾಯಿ. ಅಷ್ಟಾದರೆ ಹಳೇ ಸ್ಟಾಕ್ ಖಾಲಿ ಆಗಲಿ ಅಂತ ನಾವೇ ಒಪ್ಪಿಬಿಡುತ್ತೇವೆ. ಕೇಳಬೇಕಲ್ವಾ?

'ರೇಟು ಜಾಸ್ತಿ ಇಡಿ' ಅಂತ ಸಲಹೆ ಕೊಡುವವರಿದ್ದಾರೆ. ಅದೂ ಅಷ್ಟು ಸುಲಭ ಅಲ್ಲ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ಜಿಎಸ್‌ಟಿ 5 ಪರ್ಸೆಂಟ್, ಅದನ್ನು ದಾಟಿದರೆ 18. ಕೈಕೆಲಸ ಇರುವ ಬಟ್ಟೆ ಸರಿಯಾಗಿ ಆ ಗೆರೆಯ ಹತ್ತಿರವೇ ನಿಲ್ಲುತ್ತದೆ. ನೂರಿನ್ನೂರು ಏರಿಸಿ ಆ ಗೆರೆ ದಾಟಿದರೆ ಗಿರಾಕಿ ಕೊಡುವ ಬೆಲೆ ಅದಕ್ಕಿಂತ ಎಷ್ಟೋ ಜಾಸ್ತಿ ಏರುತ್ತದೆ.

ಇನ್ನು ವಾಪಸ್ಸು ಬರುವ ಮಾಲು. ನಮ್ಮ ಮಳೆಗಾಲ ಗೊತ್ತಲ್ಲ. ಜೂನ್‌ನಿಂದ ಆಗಸ್ಟ್ ಮುಗಿಯುವವರೆಗೆ ಮಡಿಕೇರಿಯಲ್ಲಿ ಗೋಡೆಯೇ ಬೆವರುತ್ತದೆ. ಬೇಸಿಗೆಗೆ ಕೊಟ್ಟ ಬಟ್ಟೆ ಮಳೆ ಮುಗಿದ ಮೇಲೆ ಗೋಣಿಚೀಲದಂಥ ಕವರಿನಲ್ಲಿ ತುರುಕಿಕೊಂಡು ಬರುತ್ತದೆ. ನನಗೆ ಬಂದ ಒಂದು ನೀಲಿ ಜಾಕೆಟ್‌ನ ಕಂಕುಳಲ್ಲಿ ಬೂಷ್ಟು, ಕಾಲರ್ ಒಳಗೆ ಯಾರದೋ ಫೌಂಡೇಶನ್ ಕ್ರೀಮಿನ ಕಲೆ, ಗಾಜಿನ ಕಡೆ ತೂಗುಹಾಕಿದ್ದ ಎಡ ತೋಳು ಬಿಸಿಲಿಗೆ ಬಣ್ಣ ಬಿಟ್ಟು ಬೂದಿ ಬಣ್ಣಕ್ಕೆ ತಿರುಗಿತ್ತು, ಭುಜದ ಮೇಲೆ ತಂತಿ ಹ್ಯಾಂಗರ್ ಎಬ್ಬಿಸಿದ ಗುಬುಟು ಇಸ್ತ್ರಿಗೂ ಇಳಿಯಲಿಲ್ಲ. ಅಂಗಡಿಯವರು ಹೇಳಿದ್ದು ಇಷ್ಟೇ: 'ಮೇಡಂ, ಸೇಲ್ ಆಗ್ಲಿಲ್ಲ, ತಗೊಂಡು ಹೋಗಿ.' ಬೇರೆಯವರ ವಸ್ತುವನ್ನು ಇಟ್ಟುಕೊಂಡವನು ಅದನ್ನು ತನ್ನದೇ ವಸ್ತುವಿನಷ್ಟು ಜೋಪಾನವಾಗಿ ನೋಡಿಕೊಳ್ಳಬೇಕು ಅಂತ 1872ರ ಕರಾರು ಕಾಯ್ದೆಯಲ್ಲೇ ಇದೆ. ಅದನ್ನು ಹೇಳಿದರೆ ನಗುತ್ತಾರೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

ದುಡ್ಡಿನ ವಿಷಯಕ್ಕೆ ಬಂದರೆ ಕಾನೂನು ನಮ್ಮ ಪರವೇ ಇದೆ, ಕಾಗದದಲ್ಲಿ. ಸಣ್ಣ ಉದ್ದಿಮೆಗಳಿಗಾಗಿ 2006ರಲ್ಲಿ ಬಂದ ಎಂಎಸ್ಎಂಇಡಿ ಕಾಯ್ದೆಯ ಪ್ರಕಾರ, ಕೊಂಡವರು ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರಿಸುವಂತಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ ಕೊಡಬೇಕು. ಮೀರಿಸಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಅದರ ಮೇಲೆ, 2024ರ ಏಪ್ರಿಲ್‌ನಿಂದ ಜಾರಿಯಾದ ಆದಾಯ ತೆರಿಗೆ ನಿಯಮದಂತೆ, ನಮ್ಮಂಥವರ ಬಾಕಿಯನ್ನು ಗಡುವಿನೊಳಗೆ ಕೊಡದಿದ್ದರೆ ನಿಜವಾಗಿ ಕೊಡುವ ತನಕ ವ್ಯಾಪಾರಿ ಅದನ್ನು ಖರ್ಚು ಅಂತ ತೋರಿಸುವಂತಿಲ್ಲ. ಕೇಳಲು ಚೆನ್ನಾಗಿದೆ. ಆದರೆ ಅಂಗಡಿಯವರ ಬಳಿ ಒಂದೇ ಉತ್ತರ: 'ನಾವು ಕೊಂಡಿದ್ದೇ ಇಲ್ಲ, ಇಟ್ಕೊಂಡಿದ್ದೇವೆ ಅಷ್ಟೆ.' ಯಾವಾಗ ಮಾರಾಟವಾಯಿತು ಅಂತ ಗೊತ್ತಾಗುವುದು ಅವರ ಕಂಪ್ಯೂಟರಿಗೆ ಮಾತ್ರ. ಡಿಸೆಂಬರ್ ರಜೆಯಲ್ಲಿ ಮಾರಿದ ಬಟ್ಟೆಯ ದುಡ್ಡು ಏಪ್ರಿಲ್‌ನಲ್ಲಿ, ಅದೂ ನಾವು ಹೋಗಿ ಕೌಂಟರ್ ಮುಂದೆ ನಿಂತಾಗ, ಸ್ವಲ್ಪ ಸ್ವಲ್ಪವಾಗಿ ಬರುತ್ತದೆ. ಅಷ್ಟೂ ದಿನ ಆ ದುಡ್ಡು ಯಾರ ವ್ಯಾಪಾರ ನಡೆಸಿತು?

ನನ್ನ ಮಟ್ಟಿಗೆ ದಾರಿ ಇರುವುದು ಮಾಲಿನ ಜೊತೆ ಕೊಡುವ ಚೀಟಿಯಲ್ಲಿ, ಅಂದರೆ ಚಲನ್‌ನಲ್ಲಿ. 'ಬೇಕಾದರೆ ಇಟ್ಟುಕೋ, ಬೇಡವಾದರೆ ವಾಪಸ್ ಕೊಡು' ಎಂದು ಕೊಟ್ಟ ಸರಕು ಗೊತ್ತುಪಡಿಸಿದ ದಿನದೊಳಗೆ ವಾಪಸ್ ಬರದಿದ್ದರೆ ಅದು ಮಾರಾಟವಾದಂತೆ. ಇದು ನನ್ನ ಕಲ್ಪನೆ ಅಲ್ಲ, 1930ರ ಸರಕು ಮಾರಾಟ ಕಾಯ್ದೆಯ 24ನೇ ಕಲಂ. ಹಾಗಾಗಿ ಬಟ್ಟೆ ಕೊಡುವಾಗಲೇ ಚಲನ್ ಮೇಲೆ ಈ ಷರತ್ತನ್ನೂ ವಾಪಸಾತಿಯ ತಾರೀಖನ್ನೂ ಬರೆದು ಅಂಗಡಿಯವರ ಸಹಿ ಹಾಕಿಸಿಕೊಳ್ಳಿ. ಮಳೆ ಹಿಡಿಯುವ ಮೊದಲಿನ ತಾರೀಖೇ ಇರಲಿ, ಮೇ 31 ಅಂತ ಇಟ್ಟುಕೊಳ್ಳಿ. ಆ 45 ದಿನದ ಕಾಯ್ದೆ ನಮಗೆ ಒದಗಬೇಕಾದರೆ ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ದಾಖಲಾಗುವ ಉದ್ಯಮ್ ನೋಂದಣಿ ಬೇಕು. ಅದು ಪುಕ್ಕಟೆ, ಆಧಾರ್, ಪ್ಯಾನ್ ಇದ್ದರೆ ಆನ್‌ಲೈನ್‌ನಲ್ಲೇ ಆಗುತ್ತದೆ. ಏಜೆಂಟರಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಮಾಲು ಕೊಡುವ ಮೊದಲೇ ಅದನ್ನು ಮಾಡಿಸಿ ನಂಬರನ್ನು ಚಲನ್‌ನಲ್ಲಿ ಹಾಕಿ, ಆಮೇಲೆ ಮಾಡಿಸಿದರೆ ಹಳೇ ಬಾಕಿಗೆ ತಕರಾರು ಏಳುತ್ತದೆ.

ಅಂಗಡಿಯವರ ಕಷ್ಟ ನನಗೆ ಗೊತ್ತಿಲ್ಲದ್ದೇನಲ್ಲ. ಮುಖ್ಯರಸ್ತೆಯ ಬಾಡಿಗೆ ವರ್ಷದ ಹನ್ನೆರಡು ತಿಂಗಳೂ ಕಟ್ಟಬೇಕು, ಗಿರಾಕಿ ಬರುವುದು ಏಳೆಂಟು ತಿಂಗಳು. 2018ರ ಭೂಕುಸಿತದ ವರ್ಷ ಎಷ್ಟೋ ಅಂಗಡಿಗಳಲ್ಲಿ ಬೋಣಿಯೇ ಆಗಲಿಲ್ಲ. ಆದರೆ ಅದೇ ವರ್ಷ ನಮ್ಮ ಮೆಷಿನ್‌ಗಳೂ ನಿಂತಿದ್ದವು. ಅವರಿಗೆ 40 ಬೇಕೇ ಬೇಕು ಅಂದರೆ ನಾಲ್ಕು ಪೀಸಾದರೂ ಸರಿ, ದುಡ್ಡು ಕೊಟ್ಟು ಕೊಳ್ಳಲಿ. ಬರೀ ಇಟ್ಟುಕೊಳ್ಳುತ್ತೇವೆ ಅಂದರೆ 25 ತೆಗೆದುಕೊಳ್ಳಲಿ. ಎರಡರಲ್ಲಿ ಒಂದು.

ಕೆಲವರು ನಮ್ಮ ಲೇಬಲ್ ಕಿತ್ತು ತಮ್ಮದು ಹೊಲಿಸುತ್ತಾರೆ, ಪಕ್ಕದ ಅಂಗಡಿಗೆ ಕೊಡಬಾರದು ಅನ್ನುತ್ತಾರೆ, ಇನ್‌ಸ್ಟಾಗ್ರಾಮ್‌ನಲ್ಲಿ ನಾವು ಫೋಟೊ ಹಾಕಿದರೂ ಮುನಿಸು. ಓಡಿದ ಡಿಸೈನನ್ನು ತಮ್ಮ ಟೈಲರಿಗೆ ಕೊಟ್ಟು ಅಗ್ಗದ ಬಟ್ಟೆಯಲ್ಲಿ ಹೊಲಿಸುವುದೂ ಇದೆ. ಕುಪ್ಯದ ಕಟ್ ಯಾರಪ್ಪನ ಸ್ವತ್ತೂ ಅಲ್ಲ, ಒಪ್ಪಿದೆ. ಆದರೆ ಜೇಬಿನ ಅಂಚಿಗೆ ನಾವು ಕೂಡಿಸಿದ ಕಸೂತಿ ಎಳೆ ಎಳೆಯಾಗಿ ಹಾಗೇ ಅಲ್ಲಿ ಕಂಡರೆ? 2000ದ ಡಿಸೈನ್ ಕಾಯ್ದೆಯಲ್ಲಿ 10 ವರ್ಷದ ರಕ್ಷಣೆ ಇದೆ. ಆದರೆ ಬಟ್ಟೆ ಹೊರಗೆ ತೋರಿಸುವ ಮೊದಲೇ ಒಂದೊಂದಕ್ಕೂ ಫೀಸು ಕಟ್ಟಿ ನೋಂದಾಯಿಸಬೇಕು. ಸೀಸನ್‌ಗೆ ಹತ್ತು ಡಿಸೈನ್ ಮಾಡುವ ನಮಗೆ ಅದು ಆಗುವ ಮಾತಲ್ಲ.

ಜಿಲ್ಲಾ ಕೈಗಾರಿಕಾ ಕೇಂದ್ರದವರು ವರ್ತಕರನ್ನೂ ನಮ್ಮನ್ನೂ ಒಂದು ದಿನ ಕೂರಿಸಿ, ಒಂದೇ ಪುಟದ ಕನ್ನಡದ ಕರಾರು ನಮೂನೆ ಮಾಡಿಕೊಟ್ಟರೆ ಸಾಕು. ಅದರಲ್ಲಿ ಕಮಿಷನ್ ಎಷ್ಟು, ಡಿಸ್ಕೌಂಟ್ ಯಾರ ಲೆಕ್ಕಕ್ಕೆ, ಹಾಳಾದ ಮಾಲು ಯಾರದ್ದು, ಪ್ರತಿ ತಿಂಗಳು ಎಷ್ಟನೇ ತಾರೀಖಿಗೆ ಲೆಕ್ಕ ಮತ್ತು ದುಡ್ಡು ಅನ್ನುವುದಿರಲಿ. ಸ್ವಸಹಾಯ ಸಂಘಗಳ ಹೆಂಗಸರಿಗೂ ಇದೇ ನಮೂನೆ ಆಗುತ್ತದೆ, ಅವರು ನಮಗಿಂತಲೂ ಸಂಕೋಚದಿಂದ ಮಾಲು ಕೊಟ್ಟು ಬರುತ್ತಾರೆ. ಮಡಿಕೇರಿ ದಸರಾ ಸ್ಟಾಕ್ ಹೋಗುವ ಮೊದಲೇ ಇದಾದರೆ ಒಳ್ಳೆಯದು. ಅಲ್ಲಿಯವರೆಗೆ ನಾನು ಬಳಸುವ ಚಲನ್‌ನ ಪ್ರತಿ ಬೇಕಾದವರು ನಿಮ್ಮ ಕಚೇರಿಯಲ್ಲಿ ವಿಚಾರಿಸಲಿ. ಈ ಪತ್ರದ ಜೊತೆ ಎರಡು ಪ್ರತಿ ಇಟ್ಟಿದ್ದೇನೆ.

– ಹೊಲಿಗೆ ಕೆಲಸದವಳೊಬ್ಬಳು,
ವಿರಾಜಪೇಟೆ