ಹಳೆಯ ಕಾಮಿಕ್ಸ್ ಅಂಗಡಿ ತೆರೆಯಲಿರುವ ಮಗಳಿಗೊಂದು ಪತ್ರ

ಕುವೆಂಪುನಗರ, ಮೈಸೂರು

ಚಿರಂಜೀವಿ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ನೀನು ಬೆಂಗಳೂರಿನ ಕೆಲಸಕ್ಕೆ ರಾಜೀನಾಮೆ ಕೊಟ್ಟಿರುವುದಾಗಿಯೂ, ಸರಸ್ವತೀಪುರಂನಲ್ಲಿ ಒಂದು ಮಳಿಗೆಗೆ ಮುಂಗಡ ಕೊಡಲು ಮಾತಾಡಿ ಬಂದಿರುವುದಾಗಿಯೂ ನಿನ್ನ ಅಪ್ಪ ನಿನ್ನೆ ಊಟದ ಹೊತ್ತಿನಲ್ಲಿ ತಿಳಿಸಿದರು. ಯುಗಾದಿಗೆ ಬಂದಾಗ ಈ ಅಂಗಡಿ ಬೇಡವೆಂದು ನಾನು, ಬೇಕೆಂದು ನೀನು, ಹೀಗೆ ನಮ್ಮಿಬ್ಬರ ನಡುವೆ ನಡೆದ ಮಾತನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಅದು ನಿನಗೂ ನೆನಪಿದೆ, ನನಗೂ ನೆನಪಿದೆ. ನಿನ್ನ ಸೋದರತ್ತೆಯ ಎದುರಿಗೆ ಅಷ್ಟು ಏರಿದ ದನಿಯಲ್ಲಿ ಮಾತಾಡಿದ್ದಕ್ಕೆ ಮಾತ್ರ ನನಗೆ ಬೇಸರವಿದೆ. ಫೋನಿನಲ್ಲಿ ಹೇಳಹೊರಟರೆ ನಾನು ಮುಗಿಸುವ ಮೊದಲೇ ನೀನು ಉತ್ತರ ಕೊಡುತ್ತೀಯೆ, ನೀನು ಮುಗಿಸುವ ಮೊದಲೇ ನನಗೆ ಸಿಟ್ಟು ಬರುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ.

ಹಳೆಯ ಕಾಮಿಕ್ಸ್, ಎಲ್‌ಪಿ ರೆಕಾರ್ಡು, ಕ್ಯಾಸೆಟ್ಟುಗಳ ಅಂಗಡಿ ಬೇಡವೆಂದದ್ದು ಅವುಗಳ ಮೇಲೆ ನನಗೆ ಪ್ರೀತಿಯಿಲ್ಲದೆ ಅಲ್ಲ. ಈ ಮನೆಗೆ ಆ ಹುಚ್ಚು ಯಾರಿಂದ ಬಂತೆಂಬುದು ನಿನಗೆ ಗೊತ್ತೇ ಇದೆ. 2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಎಂಬ ಇಂಗ್ಲಿಷ್ ರಾಕ್ ತಂಡ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದ ಸಂಜೆಯ ಕಥೆಯನ್ನು ನೀನು ನನಗಿಂತ ಚೆನ್ನಾಗಿ ಹೇಳುತ್ತೀಯೆ, ಅದನ್ನು ಬಿಡೋಣ. ನಾನು ಹೇಳಬೇಕಾದದ್ದು ನೀನು ನೋಡಿರದ ಒಂದು ಅಂಗಡಿಯ ವಿಷಯ.

ಚಾಮರಾಜಪುರಂ ರೈಲು ನಿಲ್ದಾಣದಿಂದ ಸ್ವಲ್ಪ ದೂರದ ಓಣಿಯಲ್ಲಿ ನಮ್ಮ ಬಾಲ್ಯದ ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ಒಂದೇ ಬಾಗಿಲಿನ ಮಳಿಗೆ, ಮೂರು ಗೋಡೆಗೂ ಮರದ ಕಪಾಟು, ಹೊಸ್ತಿಲ ಪಕ್ಕದಲ್ಲಿ ಒಂದು ಬೆಂಚು. ನಡೆಸುತ್ತಿದ್ದವರನ್ನು ನಾವೆಲ್ಲ ಲೈಬ್ರರಿ ಮಾಮ ಎಂದೇ ಕರೆಯುತ್ತಿದ್ದೆವು. ಕಾದಂಬರಿಗೆ ದಿನಕ್ಕೊಂದು ದರ, ಕಾಮಿಕ್ಸಿಗೆ ಅದರ ಅರ್ಧ; ಸದಸ್ಯರಾಗಬೇಕಾದರೆ ಐದು ರೂಪಾಯಿ ಠೇವಣಿ. ಹೊಸ ಇಂದ್ರಜಾಲ ಕಾಮಿಕ್ಸ್ ಬಂದ ದಿನ ಮಾಮ ಅದನ್ನು ಕೂಡಲೇ ಕೈಗೆ ಕೊಡುತ್ತಿರಲಿಲ್ಲ. ಮೊದಲು ಪಿನ್ನು ಬಿಚ್ಚಿ, ದಾರದಲ್ಲಿ ಹೊಲಿದು, ಖಾಕಿ ರಟ್ಟು ಹಾಕಿ, ರಟ್ಟಿನ ಮೇಲೆ ದುಂಡಗಿನ ಅಕ್ಷರದಲ್ಲಿ ಹೆಸರು ಬರೆದು, ಆಮೇಲೆ ಸರದಿಯ ಪ್ರಕಾರ ಕೊಡುತ್ತಿದ್ದರು. ಪಿನ್ನು ತುಕ್ಕು ಹಿಡಿದರೆ ನಡುವಿನ ಹಾಳೆ ಎಲ್ಲಕ್ಕಿಂತ ಮೊದಲು ಕಳಚಿ ಹೋಗುತ್ತದೆ ಎಂಬುದನ್ನು ನಾನು ಕಲಿತದ್ದು ಅಲ್ಲಿ. ಆ ಕಾಮಿಕ್ಸಿನ ಮುಖವಾಡದ ವೀರ ಫ್ಯಾಂಟಮ್ ವಾಸಿಸುವ ದೇಶಕ್ಕೆ ಮೂಲದಲ್ಲಿ ಬೆಂಗಾಲಾ ಎಂಬ ಹೆಸರಿದ್ದರೆ, ಇಂದ್ರಜಾಲದವರು ಅದನ್ನು ಡೆಂಕಾಲಿ ಎಂದು ಬದಲಿಸಿದ್ದರು; ಬಂಡೀಪುರ ದಾಟಿ ಇನ್ನೂ ಮುಂದೆ ಹೋದರೆ ಡೆಂಕಾಲಿ ಸಿಗುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಆ ಬೆಂಚಿನ ಮೇಲೆ ಕೂತು ಓದಿದರೆ ಬಾಡಿಗೆ ಇಲ್ಲ. ಹುಡುಗಿಯೊಬ್ಬಳು ಸಂಜೆ ದೀಪ ಹಚ್ಚುವವರೆಗೆ ಅಂಗಡಿಯಲ್ಲಿ ಕೂತು ಓದುವುದನ್ನು ಯಾರೂ ಪ್ರಶ್ನಿಸದಿದ್ದ ಜಾಗ ನನಗೆ ಈ ಊರಿನಲ್ಲಿ ಅದೊಂದೇ ಇತ್ತು.

ಇಂದ್ರಜಾಲ ಶುರುವಾದದ್ದು 1964ರ ಮಾರ್ಚ್‌ನಲ್ಲಿ, ನಿಂತದ್ದು 1990ರಲ್ಲಿ. ಮಾಮನ ಅಂಗಡಿ ಅದಕ್ಕೂ ಮೊದಲೇ ಸೊರಗಿತ್ತು. 1987ರ ಜನವರಿ 25ರಂದು ದೂರದರ್ಶನದಲ್ಲಿ ರಾಮಾಯಣ ಧಾರಾವಾಹಿ ಆರಂಭವಾಯಿತು. ಭಾನುವಾರದ ಬೆಳಗು ಅವರಿಗೆ ವಾರದಲ್ಲೇ ಹೆಚ್ಚು ಸಂಪಾದನೆಯ ಹೊತ್ತು. ಅಂದಿನಿಂದ ಆ ಹೊತ್ತಿಗೆ ಓಣಿಯಲ್ಲಿ ನರಪಿಳ್ಳೆ ಇರುತ್ತಿರಲಿಲ್ಲ. ಧಾರಾವಾಹಿ ಮುಗಿದ ಮೇಲೂ ಹೋದವರಲ್ಲಿ ಅರ್ಧ ಜನ ಮರಳಲಿಲ್ಲ. ಕೊನೆಗೆ ಒಂದು ದಿನ ನಾನು ಕಚೇರಿಯಿಂದ ಬರುವಾಗ ಅಂಗಡಿಯ ಮುಂದೆ ರದ್ದಿಯವನ ತಳ್ಳುಗಾಡಿ ನಿಂತಿತ್ತು. ಮಾಮ ತಾವೇ ಹೊಲಿದ ಪುಸ್ತಕಗಳನ್ನು ಸೆಣಬಿನ ಹುರಿಯಲ್ಲಿ ಕಟ್ಟಿ ತಕ್ಕಡಿಗೆ ಇಡುತ್ತಿದ್ದರು. ಹೊಲಿದ ದಾರಕ್ಕೂ ರಟ್ಟಿಗೂ ರದ್ದಿಯವನು ತೂಕದಲ್ಲಿ ಮುರಿದುಕೊಂಡ. ಅದಕ್ಕೆ ಮಾಮ ಏನೂ ಹೇಳಲಿಲ್ಲ. ತೂಕದ ಚೀಟಿಯನ್ನು ಮಾತ್ರ ಎರಡು ಸಲ ಓದಿದರು. ನಾನು ಒಂದು ಕಟ್ಟನ್ನು ಕೇಳಿ ತೆಗೆದುಕೊಂಡೆ. ಅಟ್ಟದ ಮೇಲಿನ ಕಬ್ಬಿಣದ ಪೆಟ್ಟಿಗೆಯಲ್ಲಿ ಇರುವ ಕನ್ನಡ ಸಂಚಿಕೆಗಳೆಲ್ಲ ಆ ಕಟ್ಟಿನವು.

ಈಗ ಅದೇ ಸಂಚಿಕೆಗಳಿಗೆ ಸಾವಿರಗಟ್ಟಲೆ ಕೊಡುವವರಿದ್ದಾರೆ ಎಂದು ನೀನು ಹೇಳುತ್ತೀಯೆ. ಇದ್ದಾರೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಬೆಲೆ ಹುಟ್ಟಿದ್ದು ಉಳಿದ ಪ್ರತಿಗಳೆಲ್ಲ ಅಂಥ ತಕ್ಕಡಿಗಳ ಮೇಲೆ ಕರಗಿಹೋದದ್ದರಿಂದ. ಆ ಬೆಲೆಯನ್ನು ಕೊಡುತ್ತಿರುವವರು ಅವನ್ನು ಬಾಲ್ಯದಲ್ಲಿ ಓದಿದ ನನ್ನ ವಯಸ್ಸಿನವರು. ನಿನ್ನ ಲೆಕ್ಕದ ಹಾಳೆಯಲ್ಲಿ ವರ್ಷದಿಂದ ವರ್ಷಕ್ಕೆ ಮಾರಾಟ ಏರುತ್ತಲೇ ಹೋಗುತ್ತದೆ. ನಮ್ಮ ವಯಸ್ಸೂ ಏರುತ್ತದೆ, ಪುಟ್ಟೀ. ಇನ್ನು ಹದಿನೈದು ವರ್ಷಕ್ಕೆ ನಮ್ಮಂಥವರು ಕೊಳ್ಳುವವರಾಗಿ ಉಳಿಯುವುದಿಲ್ಲ, ಮನೆ ಖಾಲಿ ಮಾಡುತ್ತಾ ಮಾರುವವರಾಗಿ ನಿನ್ನ ಬಾಗಿಲಿಗೆ ಬರುತ್ತೇವೆ. ಆಗ ಸರಕು ತುಂಬಿರುತ್ತದೆ, ಕೊಳ್ಳುವವರು ಇರುವುದಿಲ್ಲ. ನನ್ನ ಭಯ ಇದೊಂದೇ. ನೀನು ಇದನ್ನು ಅಪಶಕುನ ಎಂದುಕೊಂಡೆ; ನನ್ನ ಮಟ್ಟಿಗೆ ಇದು ಕೂಡುವ ಕಳೆಯುವ ಲೆಕ್ಕ.

ರೆಕಾರ್ಡುಗಳ ವಿಷಯ ಬೇರೆಯೆಂಬುದನ್ನು ಒಪ್ಪುತ್ತೇನೆ. ಅಮೆರಿಕದಲ್ಲಿ 2022ರಲ್ಲಿ ಸಿ.ಡಿ.ಗಳಿಗಿಂತ ಎಲ್‌ಪಿಗಳೇ ಹೆಚ್ಚು ಮಾರಾಟವಾದವು, 3.3 ಕೋಟಿಗೆ ಎದುರಾಗಿ 4.1 ಕೋಟಿ, 1987ರ ನಂತರ ಹಾಗಾದದ್ದು ಅದೇ ಮೊದಲು. ಅವನ್ನು ಕೊಂಡವರಲ್ಲಿ ನಿನ್ನ ವಯಸ್ಸಿನವರೂ ಬೇಕಾದಷ್ಟಿದ್ದಾರೆ. ರಾಕ್ ಸಂಗೀತಕ್ಕೆ ಪ್ರತಿ ತಲೆಮಾರಿನಲ್ಲೂ ಹೊಸ ಕಿವಿಗಳು ಹುಟ್ಟುತ್ತಿವೆ. ಕನ್ನಡದ ಹಳೆಯ ಕಾಮಿಕ್ಸಿಗೆ ಹೊಸ ಕಣ್ಣುಗಳನ್ನು ಯಾರೂ ಹುಟ್ಟಿಸುತ್ತಿಲ್ಲ. ಶಿವಕಾಶಿಯವರನ್ನು ನೋಡು: 1972ರಲ್ಲಿ ಶುರುವಾದ ಮುತ್ತು ಕಾಮಿಕ್ಸ್, ಅದರ ಸೋದರಿ ಲಯನ್ ಕಾಮಿಕ್ಸ್ ಎರಡೂ ತಮಿಳಿನಲ್ಲಿ ಇಂದಿಗೂ ಹೊರಬರುತ್ತಿವೆ, ಓದುಗರಿಂದ ಮುಂಗಡ ಚಂದಾ ಪಡೆದು ಮುದ್ರಿಸುತ್ತಾರೆ. ಅಲ್ಲಿ ಓದು ಕಡಿದುಹೋಗಲಿಲ್ಲ. ನಮ್ಮಲ್ಲಿ ಕಡಿದುಹೋಯಿತು. ಅಮರ ಚಿತ್ರಕಥೆಯ ಇಂಗ್ಲಿಷ್ ಸರಣಿ 11ನೇ ಸಂಖ್ಯೆಯಿಂದ ಏಕೆ ಆರಂಭವಾಗುತ್ತದೆ ಎಂದು ನೀನೇ ಒಮ್ಮೆ ನನ್ನನ್ನು ಕೇಳಿದ್ದೆ. ಮೊದಲ ಹತ್ತು ಸಂಖ್ಯೆಗಳು ಪಾಶ್ಚಾತ್ಯ ಮಕ್ಕಳ ಕಥೆಗಳಾಗಿ ಕನ್ನಡದಲ್ಲಿ ಬಂದಿದ್ದವು. ಅದನ್ನು ದೇಶದ ಮನೆಮನೆಗೆ ಮುಟ್ಟಿಸಿದ ಅನಂತ ಪೈ ಅವರೂ ಕಾರ್ಕಳದವರು. ಅಂಥ ಆರಂಭ ನಮ್ಮದಾಗಿದ್ದೂ, ಇವತ್ತು ನಮ್ಮ ಬಡಾವಣೆಯ ಹತ್ತು ವರ್ಷದ ಮಗುವಿನ ಕೈಯಲ್ಲಿ ಕನ್ನಡದ ಚಿತ್ರಕಥೆಯೊಂದನ್ನು ನಾನು ಕಂಡಿಲ್ಲ.

ನಿನ್ನ ತಿಳಿವಳಿಕೆಯ ಬಗ್ಗೆ ನನಗೆ ಸಂದೇಹವಿಲ್ಲ. ಕಳೆದ ದಸರೆಗೆ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಮನೆಗೆ ತಂದ ಡೀಪ್ ಪರ್ಪಲ್ ಎಂಬ ರಾಕ್ ತಂಡದ ರೆಕಾರ್ಡನ್ನು ನೀನು ದೀಪದ ಕೆಳಗೆ ಓರೆಯಾಗಿ ಹಿಡಿದು, ಲೇಬಲ್ಲಿನ ಅಂಚಿನಲ್ಲಿ ಕೊರೆದ ಸಂಖ್ಯೆಯನ್ನು ಓದಿ, ಇದು ವಿಲಾಯತಿಯದಲ್ಲ, ಕಲ್ಕತ್ತೆಯ ದಮ್‌ದಮ್ ಕಾರ್ಖಾನೆಯ ಮುದ್ರಣ ಎಂದು ಹೇಳಿದಾಗ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. 1971ರ ಡಿಸೆಂಬರ್‌ನಲ್ಲಿ ಮಾಂಟ್ರೋದ ಕ್ಯಾಸಿನೋ ಫ್ರಾಂಕ್ ಝಾಪಾನ ಸಂಗೀತ ಕಚೇರಿಯ ನಡುವೆ ಹೊತ್ತಿ ಉರಿದದ್ದನ್ನೂ, ಜಿನೀವಾ ಸರೋವರದ ಮೇಲೆ ಹಬ್ಬಿದ ಹೊಗೆಯನ್ನು ನೋಡಿ ಆ ತಂಡದವರು ಹಾಡು ಕಟ್ಟಿದ್ದನ್ನೂ ನೀನು ಹೇಳುತ್ತಿದ್ದರೆ ಅವರು ಕಾಫಿ ಕುಡಿಯುವುದನ್ನೇ ಮರೆತಿದ್ದರು. ನನಗಾದ ಹೆಮ್ಮೆಯನ್ನು ನಾನು ಅಂದು ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ. ಆದರೆ ಕೊನೆಯಲ್ಲಿ ನೀನು ಅವರಿಗೆ ಹೇಳಿದ್ದೇನು? ಇದನ್ನು ಮಾರಬೇಡಿ, ಮನೆಯಲ್ಲಿಟ್ಟು ಕೇಳಿ ಎಂದೆ. ಮಗಳಾಗಿ ನೀನು ಆಡಿದ ಮಾತು ಚಿನ್ನದಂಥದ್ದು. ವ್ಯಾಪಾರಕ್ಕೆ ಕೂರುವವಳು ದಿನವೂ ಹಾಗೆ ಹೇಳುತ್ತಾ ಹೋದರೆ ತಿಂಗಳ ಬಾಡಿಗೆಯನ್ನು ಎಲ್ಲಿಂದ ತರುತ್ತಾಳೆ ಎಂದು ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಜೀವನವೆಲ್ಲ ಲೆಕ್ಕಪತ್ರ ನೋಡಿದವಳಾದ್ದರಿಂದ ಕೆಲವು ಮಾತುಗಳನ್ನು ಹೇಳದೆ ಇರಲಾರೆ. ಹಳೆಯ ವಸ್ತುಗಳ ಮಾರಾಟದಲ್ಲಿ ಕೊಂಡ ಬೆಲೆಗೂ ಮಾರಿದ ಬೆಲೆಗೂ ನಡುವಿನ ಅಂತರದ ಮೇಲೆ ಮಾತ್ರ ಜಿಎಸ್‌ಟಿ ಕಟ್ಟುವ ಅವಕಾಶ ನಿಯಮ 32ರಲ್ಲಿದೆ. ಅದು ಸಿಗಬೇಕಾದರೆ ಪ್ರತಿಯೊಂದು ರೆಕಾರ್ಡನ್ನೂ ಎಷ್ಟಕ್ಕೆ ಕೊಂಡೆ ಎಂಬುದಕ್ಕೆ ಚೀಟಿ ಇರಬೇಕು, ಬಾಯಿಲೆಕ್ಕ ನಡೆಯುವುದಿಲ್ಲ. ಫ್ಯಾಂಟಮ್, ಜಾದೂಗಾರ ಮ್ಯಾಂಡ್ರೇಕ್ ಇಬ್ಬರ ಹಕ್ಕೂ ಇಂದಿಗೂ ಕಿಂಗ್ ಫೀಚರ್ಸ್ ಸಂಸ್ಥೆಯದು. ಹಳೆಯ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ ಹೊಸದಾಗಿ ಮುದ್ರಿಸಿ ಮಾರುವವರ ಸಹವಾಸಕ್ಕೆ ಹೋಗಬೇಡ. ನೀನು ನೋಡಿರುವ ಮಳಿಗೆ ಪಶ್ಚಿಮಕ್ಕೆ ಮುಖ ಮಾಡಿದೆ ಎಂದು ಅಪ್ಪ ಹೇಳಿದರು. ನ್ಯೂಸ್‌ಪ್ರಿಂಟ್ ಕಾಗದದಲ್ಲಿ ಮರದ ಲಿಗ್ನಿನ್ ಉಳಿದಿರುವುದರಿಂದ ಬಿಸಿಲು ತಾಗಿದಷ್ಟೂ ಅದು ಬೇಗ ಕಂದುಬಣ್ಣಕ್ಕೆ ತಿರುಗಿ ಒಣಗಿ ಮುರಿಯುತ್ತದೆ. ಮಧ್ಯಾಹ್ನದ ಬಿಸಿಲು ಬೀಳುವ ಕಡೆ ಒಂದು ಹಾಳೆಯನ್ನೂ ಇಡಕೂಡದು. ರೆಕಾರ್ಡುಗಳನ್ನು ನೆಟ್ಟಗೆ ನಿಲ್ಲಿಸಬೇಕು, ಒಂದರ ಮೇಲೊಂದು ಪೇರಿಸಿದರೆ ಡೊಂಕಾಗುತ್ತವೆ. ಇವೆಲ್ಲ ನಿನಗೆ ಗೊತ್ತಿರುವುದೇ ಎಂದು ನನಗೂ ಗೊತ್ತು, ಆದರೂ ಬರೆದೆ.

ಮಾಮನ ವಿಷಯದಲ್ಲಿ ಒಂದು ಸಂಗತಿಯನ್ನು ಇನ್ನೂ ಹೇಳಿಲ್ಲ. ಅಂಗಡಿ ಮುಚ್ಚಿದ ಕೆಲವು ದಿನಗಳ ಮೇಲೆ ಅವರು ಠೇವಣಿಗಳ ಲೆಕ್ಕದ ಕೆಂಪು ರಟ್ಟಿನ ರಿಜಿಸ್ಟರನ್ನು ಕಂಕುಳಲ್ಲಿ ಇರಿಸಿಕೊಂಡು ನಮ್ಮ ಮನೆಗೆ ಬಂದರು. ನಿನ್ನ ತಾತನಿಂದ ಸಹಿ ಹಾಕಿಸಿಕೊಂಡು ನನ್ನ ಐದು ರೂಪಾಯಿ ಠೇವಣಿಯನ್ನು ಹಿಂದಿರುಗಿಸಿದರು. ಅಗ್ರಹಾರ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ ಎಂದು ಮನೆಮನೆಗೂ ಹೋಗಿ ಹಾಗೆಯೇ ಕೊಟ್ಟರಂತೆ. ಪುಸ್ತಕಗಳನ್ನು ತೂಕಕ್ಕೆ ಹಾಕಿದ್ದು ಆ ಠೇವಣಿಗಳನ್ನು ತೀರಿಸುವುದಕ್ಕಾಗಿ ಎಂದು ತಾತ ಆಮೇಲೆ ತಿಳಿದುಕೊಂಡು ಹೇಳಿದರು. ನಿನ್ನ ಗುಣ ನನಗೆ ಗೊತ್ತು. ನೀನೂ ಅಂಥವಳೇ, ಒಬ್ಬರ ಕಾಸನ್ನೂ ಉಳಿಸಿಕೊಳ್ಳುವವಳಲ್ಲ. ಅದಕ್ಕೇ ನನಗೆ ಅಂಜಿಕೆ. ಅಂಗಡಿ ತೆರೆಯುವ ಹಣದ ಜೊತೆಗೆ ಮುಚ್ಚಬೇಕಾಗಿ ಬಂದರೆ ಬೇಕಾಗುವ ಹಣವನ್ನೂ ಮೊದಲ ದಿನವೇ ಬೇರೆ ಖಾತೆಯಲ್ಲಿ ಇಡು, ಅದನ್ನು ಯಾವ ಅಪರೂಪದ ರೆಕಾರ್ಡ್ ಕಣ್ಣಿಗೆ ಬಿದ್ದರೂ ಮುಟ್ಟಬೇಡ. ಇಷ್ಟೊಂದು ಸಲ ಅಂಗಡಿ ಮುಚ್ಚುವ ದಿನವನ್ನೇ ಏಕೆ ಹೇಳುತ್ತೀಯೆ ಎಂದು ನೀನು ಕೇಳಬಹುದು. ಮಾಮ ಆ ತೂಕದ ಚೀಟಿಯನ್ನು ಎರಡನೆಯ ಸಲ ಓದಿದ ರೀತಿಯನ್ನು ನಾನು ಎದುರಿಗೆ ನಿಂತು ನೋಡಿದ್ದೇನೆ. ಆ ಜಾಗದಲ್ಲಿ ನಿನ್ನನ್ನು ಊಹಿಸಿಕೊಳ್ಳಲು ನನ್ನಿಂದ ಆಗುವುದಿಲ್ಲ.

ಹಳೆಯ ರೆಕಾರ್ಡುಗಳಿಗೆ ಮೈಸೂರು ಸರಿಯಾದ ಊರಲ್ಲ ಎಂದು ನಾನು ಅಂದು ಹೇಳಿದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡ. ರಷ್ಯಾದಿಂದ ಬಂದು ಲಂಡನ್ನಿನಲ್ಲಿ ಹೆಚ್ಚು ಜನರ ಗಮನಕ್ಕೆ ಬಾರದೆ ಬದುಕುತ್ತಿದ್ದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತಕಾರನ ಕೃತಿಗಳನ್ನು ಆತನಿಂದಲೇ ಪಿಯಾನೋ ನುಡಿಸಿ ಎಚ್‌ಎಂವಿ ರೆಕಾರ್ಡುಗಳಲ್ಲಿ ತರಲು ಹಣ ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರು. ಮೆಟ್ನರ್ ತನ್ನ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು ಮಹಾರಾಜರಿಗೇ ಅರ್ಪಿಸಿ, 1951ರಲ್ಲಿ ತೀರಿಕೊಂಡ. ಆತನ ಕೈಯ ನುಡಿಸಾಣಿಕೆ ಇಂದು ನಮಗೆ ಇಷ್ಟು ಕೇಳಸಿಗುವುದು ಈ ಊರಿನಿಂದ ಹೋದ ಹಣದಿಂದ. ನಿನ್ನ ಅಂಗಡಿಗೆ ಬರುವವರಿಗೆ ಇದನ್ನು ತಪ್ಪದೆ ಹೇಳು. ಮಹಾರಾಜರ ಹಿಂದೆ ಬೊಕ್ಕಸವಿತ್ತು, ನಿನ್ನ ಹಿಂದೆ ಪ್ರಾವಿಡೆಂಟ್ ಫಂಡ್ ಇದೆ, ಅದನ್ನೂ ಮರೆಯಬೇಡ.

ನನ್ನ ಕೋರಿಕೆ ಇಷ್ಟು. ರೆಕಾರ್ಡುಗಳನ್ನು ಮಾರು, ಅದರಿಂದ ಬಾಡಿಗೆ ಹುಟ್ಟಲಿ. ಕನ್ನಡದ ಕಾಮಿಕ್ಸುಗಳನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿ ಮುಚ್ಚಿ ಬೆಲೆಚೀಟಿ ಅಂಟಿಸಬೇಡ, ಓದಲು ಕೊಡು. ಸುತ್ತಲಿನ ಶಾಲೆಗಳ ಮಕ್ಕಳು ಬಂದು ಕೂತು ಓದಲಿ. ನಾಲ್ಕು ಹಾಳೆ ಹರಿದರೆ ಹರಿಯಲಿ, ಹೊಲಿಯುವುದನ್ನು ನಾನು ಕಲಿತಿದ್ದೇನೆ. ಆ ಮಕ್ಕಳಲ್ಲಿ ಕೆಲವರಾದರೂ ದೊಡ್ಡವರಾದ ಮೇಲೆ ಹುಡುಕಿಕೊಂಡು ಬಂದು ಕೊಳ್ಳುತ್ತಾರೆ, ಅಲ್ಲಿಯವರೆಗೆ ನಿನಗೆ ತಾಳ್ಮೆ ಬೇಕು. ಅಟ್ಟದ ಪೆಟ್ಟಿಗೆಯನ್ನು ಇಳಿಸಿ ಒರೆಸಿ ಇಟ್ಟಿದ್ದೇನೆ. ಅದರಲ್ಲಿರುವುದು ಮಾರುವುದಕ್ಕಲ್ಲ, ಬೆಂಚಿಗೆ. ಬೆಂಚಿನ ಖರ್ಚು ನನ್ನದು.

ಮಳಿಗೆಯ ಕರಾರು ಪತ್ರಕ್ಕೆ ಸಹಿ ಹಾಕುವ ಮೊದಲು ಅದರ ಪ್ರತಿಯನ್ನು ನನಗೆ ಕಳುಹಿಸು. ವರ್ಷಕ್ಕೆ ಬಾಡಿಗೆ ಎಷ್ಟು ಏರುತ್ತದೆ, ಬಿಟ್ಟು ಹೋಗುವಾಗ ಮುಂಗಡ ಎಷ್ಟು ದಿನದಲ್ಲಿ ವಾಪಸ್ಸು ಬರುತ್ತದೆ, ಮಳೆಗಾಲದಲ್ಲಿ ಗೋಡೆ ನೀರು ಕುಡಿದರೆ ದುರಸ್ತಿ ಯಾರ ಹೊಣೆ, ಈ ಮೂರನ್ನೂ ನಾನು ಓದಿ ನೋಡಬೇಕು. ಮಾಲೀಕರು ಅವಸರ ಮಾಡಿದರೆ ಅಮ್ಮ ನೋಡಬೇಕಂತೆ ಎಂದು ಸಂಕೋಚವಿಲ್ಲದೆ ಹೇಳು.

ಇಂತಿ,
ನಿನ್ನ ಅಮ್ಮ